ರಾಯಭಾರ ಕಚೇರಿಯ ಗೇಟಿಗೆ ಬಂದ ಡಬ್ಬಿ

ಮದುವೆಗೆ ಮುಂಚೆ ಮೈಸೂರಿನ ಕಾಲೇಜೊಂದರಲ್ಲಿ ಆರು ವರ್ಷ ಇತಿಹಾಸ ಪಾಠ ಮಾಡಿದವಳು ನಾನು. ಜಪಾನಿನ ಬಾಗಿಲು ತೆರೆಸಿದ ಅಮೆರಿಕದ ಕಪ್ಪು ಹಡಗುಗಳು ನನ್ನ ಪಾಲಿಗೆ ಐದು ಅಂಕದ ಪ್ರಶ್ನೆ. ಆಮೇಲೆ ಅಲ್ಲಿ ನೆಲೆಯೂರಿದ ಅಮೆರಿಕದ ರಾಯಭಾರ ಕಚೇರಿ ಎರಡು ಅಂಕದ ಟಿಪ್ಪಣಿ. ನಾನು ಹೇಳುತ್ತಿದ್ದೆ, ಹುಡುಗರು ಬರೆದುಕೊಳ್ಳುತ್ತಿದ್ದರು, ಪರೀಕ್ಷೆ ಮುಗಿದ ಮೇಲೆ ಅವರೂ ಮರೆಯುತ್ತಿದ್ದರು, ನಾನೂ ಮರೆಯುತ್ತಿದ್ದೆ. ಆ ಕಚೇರಿಯೊಳಗೆ ಕೂತು ಕೆಲಸ ಮಾಡಿದವರೊಬ್ಬರು ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನಲ್ಲಿ, ಅದೂ ನಮ್ಮ ಹಿತ್ತಲ ಬೇಲಿಯಾಚೆ ಸಿಗುತ್ತಾರೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಆ ಮನೆಗೆ ಬಂದೆವು. ನನ್ನ ಗಂಡ ಮ್ಯಾಂಚೆಸ್ಟರಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಡ್ಯೂಟಿ ರೋಟಾ ನೋಡಿಯೇ ಅವರು ಮನೆಯಲ್ಲಿರುತ್ತಾರೋ ಇಲ್ಲವೋ ತಿಳಿಯಬೇಕು. ನನಗೆ ಕೆಲಸವಿರಲಿಲ್ಲ, ಮಕ್ಕಳಿನ್ನೂ ಆಗಿರಲಿಲ್ಲ. ಮಾತಾಡದೆ ನಾಲಿಗೆಗೆ ತುಕ್ಕು ಹಿಡಿಯುತ್ತದೇನೋ ಎಂದು ಹೆದರಿ ಗೋಡೆಗೆ ಪಾಠ ಮಾಡಿದ್ದೂ ಉಂಟು.

ಬಂದ ಮಾರನೆಯ ದಿನ ಪಕ್ಕದ ಮನೆಯವರು ಬಾಗಿಲು ತಟ್ಟಿದರು. ಎಪ್ಪತ್ತಕ್ಕೆ ಹತ್ತಿರದ, ನನ್ನ ಭುಜದೆತ್ತರದ ಜಪಾನಿ ಹೆಂಗಸು. ಕೈಯಲ್ಲೊಂದು ಕಪ್ಪಗೆ ಹೊಳೆಯುವ ಮರದ ಡಬ್ಬಿ, ಒಳಗೆಲ್ಲ ಕುಂಕುಮದಂಥ ಕೆಂಪು ಬಣ್ಣ. ಅದರಲ್ಲಿ ಅವರೇ ಮಾಡಿದ, ಕಾಳಿನ ಹೂರಣ ತುಂಬಿದ ಸಿಹಿ. ತಿಂದೆವು. ಡಬ್ಬಿ ಹಿಂತಿರುಗಿಸಬೇಕಲ್ಲ? ಪಾತ್ರೆ ಖಾಲಿ ಕೊಡಬಾರದು, ಒಂದು ಚಿಟಿಕೆ ಸಕ್ಕರೆಯಾದರೂ ಇಡಬೇಕು ಎಂದು ಅಮ್ಮ ತಲೆಗೆ ತುಂಬಿ ಕಳಿಸಿದ್ದಳು. ಕೊಬ್ಬರಿ ಮಿಠಾಯಿ ತುಂಬಿ ಕೊಟ್ಟೆ. ಮೂರನೆಯ ದಿನ ಡಬ್ಬಿ ಮೂಲಂಗಿ ಉಪ್ಪಿನಕಾಯಿ ಹೊತ್ತು ವಾಪಸ್ಸು ಬಂತು. ನಾನು ಕೋಡುಬಳೆ ಕಳಿಸಿದೆ. ಹೀಗೆ ಶುರುವಾದದ್ದು ನಾಲ್ಕು ವರ್ಷ ನಿಲ್ಲಲಿಲ್ಲ.

ಮೊದಲ ವರ್ಷ ನಾನು ಗೊಣಗಿದ್ದೇನೆ, ಸುಳ್ಳೇಕೆ ಹೇಳಲಿ. ಈ ಹೆಂಗಸು ಒಂದೇ ಒಂದು ಸಲ ಡಬ್ಬಿ ಕಳಿಸದಿದ್ದರೆ ನನಗೂ ಬಿಡುಗಡೆ ಸಿಗುತ್ತಿತ್ತಲ್ಲ! ಒಂದು ದಿನ ಅದನ್ನು ಅವರೆದುರಿಗೇ ಆಡಿಬಿಟ್ಟೆ. ಅವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು.

"ನೀವು ನಿಲ್ಲಿಸೋದನ್ನೇ ನಾನೂ ಕಾಯ್ತಿದ್ದೆ. ನಮ್ಮಲ್ಲೂ ಡಬ್ಬಿ ಖಾಲಿ ಕೊಡಬಾರದು. ಏನೂ ಇಲ್ಲದಿದ್ದರೆ ಒಂದು ಬೆಂಕಿಕಡ್ಡಿಯಾದರೂ ಹಾಕಬೇಕು. ನನ್ನ ತಾಯಿ ಹಾಗೇ ಮಾಡ್ತಿದ್ದರು."

ನನ್ನ ಗಂಡನಿಗೆ ಇದೊಂದು ತಮಾಷೆಯಾಯಿತು. "ಇದು ನೆರೆಹೊರೆ ಅಲ್ಲ ಕಣೇ, ಎರಡು ದೇಶದ ರಾಜತಾಂತ್ರಿಕ ಸಂಬಂಧ. ಇಬ್ರಲ್ಲಿ ಯಾರು ಮೊದಲು ನಿಲ್ಲಿಸಿದ್ರೂ ಯುದ್ಧ!"

ಅವರು ಆಡಿದ್ದು ಹುಡುಗಾಟಕ್ಕೆ. ಆದರೆ ಪಕ್ಕದ ಮನೆಯವರು ನಿಜವಾಗಿಯೂ ರಾಜತಂತ್ರದ ಅಂಗಳದಲ್ಲಿ ಓಡಾಡಿದವರು. ಐವತ್ತರ ದಶಕದಲ್ಲಿ, ಇಪ್ಪತ್ತರ ಹುಡುಗಿಯಾಗಿದ್ದಾಗ, ಟೋಕಿಯೋದ ಅಮೆರಿಕನ್ ರಾಯಭಾರ ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದರು. ಹಡಗು ಕಂಪನಿಯೊಂದರ ಇಂಗ್ಲಿಷ್ ಗುಮಾಸ್ತ ನಾವಿಕರ ವೀಸಾ ವಿಚಾರಿಸಲು ದಿನಾ ಫೋನ್ ಮಾಡುತ್ತಿದ್ದನಂತೆ. ವೀಸಾ ಕೆಲಸ ಮುಗಿದ ಮೇಲೂ ಫೋನ್ ಬರುವುದು ನಿಲ್ಲಲಿಲ್ಲ. ಆ ಗುಮಾಸ್ತನೇ ಈಗ ಬೇಲಿಯಾಚೆ ಟೊಮೆಟೊ ಗಿಡಕ್ಕೆ ಕೋಲು ಕಟ್ಟುತ್ತಿದ್ದ, ಸ್ಟಾಕ್‌ಪೋರ್ಟಿನಲ್ಲೇ ಹುಟ್ಟಿ ಬೆಳೆದ ಮುದುಕರು.

ಮಧ್ಯಾಹ್ನದ ಹೊತ್ತು ನಾನು ಅವರ ಹೆಂಡತಿಯ ಅಡುಗೆಮನೆಯಲ್ಲಿ ಕೂತು ವಿದ್ಯಾರ್ಥಿಯಾದೆ. ಅವರಿಗೆ ಇಸವಿಗಳು ಬೇಕಿರಲಿಲ್ಲ. ಕಚೇರಿಯ ಹಳೆಯ ಕೆಲಸಗಾರರು ಬಾಯಿಂದ ಬಾಯಿಗೆ ದಾಟಿಸಿದ ಕತೆಗಳೆಲ್ಲ ಅವರಲ್ಲಿದ್ದವು. ಅಮೆರಿಕದ ಮೊದಲ ಪ್ರತಿನಿಧಿಯನ್ನು ಜಪಾನೀಯರು ಇಳಿಸಿದ್ದು ಶಿಮೋಡಾ ಎಂಬ ಸಮುದ್ರ ತೀರದ ಊರಿನ ಬೌದ್ಧ ದೇವಾಲಯದಲ್ಲಿ. ದೇವರ ಅಂಗಳದಲ್ಲಿ ಕಂಬ ನೆಟ್ಟು ಅವನು ತನ್ನ ಬಾವುಟ ಹಾರಿಸಿದ. ಕಾಯಿಲೆ ಬಿದ್ದು ಹಾಲು ಬೇಕೆಂದ. ಅಲ್ಲಿಯ ಅಧಿಕಾರಿಗಳಿಗೆ ಗಾಬರಿ. ಹಾಲು ಇರುವುದು ಕರುವಿಗೆ, ಮನುಷ್ಯ ಹೇಗೆ ಕುಡಿಯುತ್ತಾನೆ?

"ನ್ಯಾಯವಾಗೇ ಕೇಳಿದ್ದಾರೆ" ಎಂದೆ. ಆಗ ನನ್ನ ಕೈಯಲ್ಲಿ ಅವರಿಗೆಂದೇ ತಂದ, ಹಾಲು ಜಾಸ್ತಿ ಹಾಕಿದ ಫಿಲ್ಟರ್ ಕಾಫಿಯಿತ್ತು. ಇಬ್ಬರೂ ಲೋಟ ನೋಡಿಕೊಂಡು ನಕ್ಕೆವು.

ರಾಜಧಾನಿಗೆ ಬಂದಾಗಲೂ ಅಮೆರಿಕನ್ನರಿಗೆ ಮೊದಲು ಸಿಕ್ಕಿದ್ದು ಒಂದು ದೇವಾಲಯವೇ. ಗುಡ್ಡದ ಮೇಲಿನ ಬಿಳಿಯ ಕಟ್ಟಡಗಳು ಎಷ್ಟೋ ಕಾಲದ ಮೇಲೆ, ಯುದ್ಧಕ್ಕೆ ಹತ್ತು ವರ್ಷ ಮುಂಚೆ ಎದ್ದವು. ಯುದ್ಧ ಶುರುವಾದ ದಿನ ಗೇಟಿಗೆ ಬೀಗ ಬಿತ್ತು. ರಾಯಭಾರಿಯೂ ಅವನ ಜನವೂ ಅರ್ಧ ವರ್ಷ ತಮ್ಮದೇ ಕಚೇರಿಯೊಳಗೆ ಬಂದಿಗಳಾದರು. ಆಮೇಲೆ ಹಡಗಿನಲ್ಲಿ ಅವರನ್ನು ಸಾಗಿಸಿ ಬದಲಿಗೆ ಜಪಾನೀಯರನ್ನು ಕರೆಸಿಕೊಂಡರು.

"ಮತ್ತೆ ಆ ಮನೆ?" ನಾನು ಕೇಳಿದೆ. ನನ್ನ ಟಿಪ್ಪಣಿಯಲ್ಲಿ ಅದಿರಲಿಲ್ಲ.

"ಸ್ವಿಸ್ ಜನ ನೋಡಿಕೊಂಡರು. ಎರಡು ದೇಶ ಮಾತು ಬಿಟ್ಟಾಗ ಮೂರನೆಯವರೊಬ್ಬರು ಬೇಕು. ಇಲ್ಲದಿದ್ದರೆ ಯಾರ ಮಾತೂ ಯಾರಿಗೂ ಮುಟ್ಟೋದಿಲ್ಲ."

ಯುದ್ಧ ಸೋತ ಮೇಲೆ ಅಮೆರಿಕದ ಸೇನಾಪತಿ ಅದೇ ಆವರಣದ ನಿವಾಸದಲ್ಲಿ ಬಿಡಾರ ಹೂಡಿದ. ಚಕ್ರವರ್ತಿ ತಾವೇ ಅವನನ್ನು ಕಾಣಲು ಅಲ್ಲಿಗೆ ಬಂದರು. ಸೇನಾಪತಿ ಟೈ ಕೂಡ ಇಲ್ಲದೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಾನೆ, ಪಕ್ಕದಲ್ಲಿ ಚಕ್ರವರ್ತಿ ಪೂರ್ತಿ ಪೋಷಾಕಿನಲ್ಲಿ. ಆ ಫೋಟೋ ಪತ್ರಿಕೆಯಲ್ಲಿ ಬಂದ ದಿನ ಇವರ ತಾಯಿ ಊಟ ಮಾಡಲಿಲ್ಲವಂತೆ. ಇವರಿಗಾಗ ಹದಿಮೂರು ವರ್ಷ. ಯುದ್ಧಕ್ಕೆ ಹೋದ ಅಣ್ಣ ವಾಪಸ್ಸು ಬಂದಿರಲಿಲ್ಲ. ಏಳೆಂಟು ವರ್ಷದ ಮೇಲೆ ಮಗಳು ಅದೇ ಕಚೇರಿಗೆ ಕೆಲಸಕ್ಕೆ ಸೇರಿದಾಗ ತಾಯಿ ಏನೆಂದರೋ, ಅದನ್ನು ಅವರು ಹೇಳುತ್ತಿರಲಿಲ್ಲ. ತಾಯಿಯ ಮಾತು ಬಂದರೆ ಎದ್ದು ಕೆಟಲ್ ಹಚ್ಚುತ್ತಿದ್ದರು.

ಹೊಸ ಶತಮಾನ ಕಾಲಿಟ್ಟು ಎರಡನೆಯ ವರ್ಷವೋ ಏನೋ, ಅವರ ಯಜಮಾನರಿಗೆ ಎಪ್ಪತ್ತೇಳು ತುಂಬಿತು. ಜಪಾನಿನಲ್ಲಿ ಅದು ದೊಡ್ಡ ಹಬ್ಬ. ಡಬ್ಬಿಯಲ್ಲಿ ಕೆಂಪು ಕಾಳು ಹಾಕಿ ಮಾಡಿದ ಮಂಗಳದ ಅನ್ನ ಬಂತು. ಅದೇ ಸಂಜೆ ಮೈಸೂರಿನಿಂದ ಫೋನ್. ನನ್ನ ಮಾವ ತೀರಿಕೊಂಡಿದ್ದರು. ಸಿಕ್ಕ ಮೊದಲ ವಿಮಾನ ಹಿಡಿದು ಗಂಡ ಹೊರಟರು. ನನ್ನ ಪಾಸ್‌ಪೋರ್ಟ್ ನವೀಕರಣಕ್ಕೆ ಹೋಗಿದ್ದರಿಂದ ನಾನು ಉಳಿದೆ, ಕಣ್ಣೆದುರಿಗೆ ಆ ಡಬ್ಬಿ ಇಟ್ಟುಕೊಂಡು.

ಅಮ್ಮನಿಗೆ ಫೋನ್ ಮಾಡಿ ಕೇಳಿದೆ. "ಸೂತಕದ ಮನೆಯಿಂದ ಏನೂ ಕೊಡಬಾರ್ದು ಕಣೇ. ಅವರ ಪಾತ್ರೇನ ಮೈಲಿಗೇಲಿ ಇಟ್ಕೊಳ್ಳೋದೂ ಬೇಡ. ತೊಳೆದು ವಾಪಸ್ ಇಟ್ಟು ಬಾ. ಒಳಗೆ ಹೋಗ್ಬೇಡ" ಎಂದಳು. ಅತ್ತ ದರಿ, ಇತ್ತ ಪುಲಿ. ಹುಟ್ಟುಹಬ್ಬಕ್ಕೆ ನೆಂಟರು ತುಂಬಿದ ಮನೆಗೆ ಸಾವಿನ ಸುದ್ದಿ ಒಯ್ಯಲು ಮನಸ್ಸು ಬರಲಿಲ್ಲ. ಡಬ್ಬಿಯನ್ನು ತೊಳೆದು, ಒರೆಸಿ, ಅವರ ಹೊಸಿಲ ಮೇಲಿಟ್ಟು, ಬೆಲ್ ಕೂಡ ಒತ್ತದೆ ಬಂದೆ. ಹದಿಮೂರು ದಿನ ಕಳೆಯಲಿ, ವಿವರವಾಗಿ ಹೇಳಿದರಾಯಿತು ಎಂದುಕೊಂಡೆ.

ಡಬ್ಬಿ ಮರಳಿ ಬರಲಿಲ್ಲ. ಹಿತ್ತಲಿನಲ್ಲಿ ಎದುರಾದಾಗ ಅವರು ತಲೆ ಬಾಗಿಸಿ ಒಳಗೆ ಹೋದರು. ಹದಿಮೂರು ದಿನ ಕಳೆಯಿತು, ಗಂಡ ಬಂದು ಕೆಲಸಕ್ಕೂ ಹೋದರು. ಅಷ್ಟು ಹೊತ್ತಿಗೆ ನನಗೂ ಕೋಪ ಬಂದಿತ್ತು. ಒಂದೇ ಒಂದು ಸಲ ಖಾಲಿ ಕೊಟ್ಟಿದ್ದಕ್ಕೆ ಇಷ್ಟು ಬಿಗುಮಾನವೇ? ನಾಲ್ಕು ವರ್ಷದ ಚಕ್ಕುಲಿ, ಕೋಡುಬಳೆ ಎಲ್ಲ ನೀರುಪಾಲೇ? ನನ್ನ ಜಂಬವೇನೂ ಕಮ್ಮಿಯಲ್ಲ, ನಾನಾಗಿ ಹೋಗಲಿಲ್ಲ. ಆದರೆ ಮಧ್ಯಾಹ್ನ ಎರಡು ಗಂಟೆಗೆ ಕೈ ತಾನಾಗಿ ಕಾಫಿ ಫಿಲ್ಟರಿಗೆ ಹೋಗುತ್ತಿತ್ತು. ಎರಡು ಲೋಟ ತೆಗೆದು ಒಂದನ್ನು ಒಳಗಿಡುವಾಗ ಅಳು ಬರುತ್ತಿತ್ತು. ಆ ಊರಿನಲ್ಲಿ ನನಗಿದ್ದವರು ಅವರೊಬ್ಬರೇ.

ಮೂರನೆಯ ವಾರ ಅವರ ಯಜಮಾನರು ಬೇಲಿಯ ಹತ್ತಿರ ಬಂದು ಕೆಮ್ಮಿದರು. ತೀರ ಮಿತಭಾಷಿ. ಹವಾಮಾನದ ಮಾತು, ಆ ಊರಿನವರು ಎಲ್ಲರಿಗೂ ಅನ್ನುವ 'ಲವ್', ಇವೆರಡು ಬಿಟ್ಟು ಬೇರೇನೂ ಅವರ ಬಾಯಿಂದ ನಾನು ಕೇಳಿರಲಿಲ್ಲ.

"ನಮ್ಮಿಂದ ಏನಾದ್ರೂ ತಪ್ಪಾಯ್ತಾ, ಲವ್? ಅವಳು ಆ ಡಬ್ಬಿ ಮುಂದಿಟ್ಟುಕೊಂಡು ಕೂತಿರ್ತಾಳೆ. ಮಗ ತನ್ನೂರಿಗೆ ಬನ್ನಿ ಅಂತ ಎಷ್ಟು ವರ್ಷದಿಂದ ಕರೀತಿದ್ದಾನೆ. ಪಕ್ಕದ ಮನೆ ಹುಡುಗಿ ಒಂಟಿಯಾಗ್ತಾಳೆ ಅಂತ ಇವಳೇ ಬೇಡ ಅಂತಿದ್ದಳು. ನಿನ್ನೆ ಮನೆ ಮಾರೋಣ ಅಂದಳು."

ನನ್ನ ಕೋಪ ಅಲ್ಲೇ ಇಳಿದುಹೋಯಿತು. ಸ್ವಿಸ್ ಜನ ಎಂದರೆ ಇವರೇ ಎಂದುಕೊಂಡು, ಮನೆಯ ಚಪ್ಪಲಿಯಲ್ಲೇ ಓಡಿದೆ.

ಡಬ್ಬಿ ಮೇಜಿನ ಮೇಲಿತ್ತು. ನಾನು ಕೂರುವ ಮುಂಚೆಯೇ ಎಲ್ಲ ಹೇಳಿಬಿಟ್ಟೆ: ಮಾವ ಹೋದದ್ದು, ಸೂತಕ, ಏನೂ ಕೊಡಬಾರದು, ಯಾರ ಮನೆಯೊಳಗೂ ಕಾಲಿಡಬಾರದು. ಅವರು ಮೊದಲು ಎದ್ದು ನನ್ನ ಮಾವನಿಗಾಗಿ ತಲೆ ಬಾಗಿಸಿದರು. ಆಮೇಲೆ ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟು, ನಾಲ್ಕು ವರ್ಷದಲ್ಲಿ ಹೇಳದಿದ್ದನ್ನು ಹೇಳಿದರು.

ಕಚೇರಿಗೆ ಸೇರಿದಾಗಲೇ ತಾಯಿ ಮನೆಯಿಂದ ಹೊರಗೆ ಹಾಕಿದ್ದರು. ಮದುವೆ ನಿಶ್ಚಯವಾದಾಗ ಇವರು ಇದೇ ಡಬ್ಬಿಯಲ್ಲಿ, ಇದೇ ಕೆಂಪು ಅನ್ನ ತುಂಬಿ ತಾಯಿಗೆ ಕಳಿಸಿದರು. ಬೈದು ಒಂದು ಸಾಲು ಬರೆದರೂ ಸಾಕಾಗಿತ್ತು. ವಾರದ ಮೇಲೆ ಯಾರೋ ಡಬ್ಬಿಯನ್ನು ರಾಯಭಾರ ಕಚೇರಿಯ ಗೇಟಿನಲ್ಲಿ ಕಾವಲುಗಾರನ ಕೈಗೆ ಕೊಟ್ಟು, ಹೆಸರೂ ಹೇಳದೆ ಹೋಗಿದ್ದರು.

"ಖಾಲಿ. ಒಂದು ಬೆಂಕಿಕಡ್ಡಿ ಕೂಡ ಇರಲಿಲ್ಲ. ನನ್ನ ತಾಯಿ ಭಿಕ್ಷುಕನ ಬಟ್ಟಲನ್ನೂ ಖಾಲಿ ಕಳಿಸಿದವರಲ್ಲ. ಅಲ್ಲಿಗೆ ಮುಗಿಯಿತು ಅಂತ ಹಡಗು ಹತ್ತಿದೆ. ಮತ್ತೆ ಹೋಗಲಿಲ್ಲ. ಅವರು ಹೋದ ಮೇಲೆ ತಂಗಿ ಒಂದು ಕಾಗದ ಬರೆದಳು, ಅಷ್ಟೇ."

ಆ ಡಬ್ಬಿಯನ್ನು ಖಾಲಿ ಕಳಿಸಿದ ಎರಡನೆಯವಳು ನಾನು. ಅವರು ನನ್ನನ್ನೇ ದಿಟ್ಟಿಸುತ್ತಿದ್ದರು.

"ನಿಮ್ಮ ಆ ನಿಯಮದಲ್ಲಿ... ಬೆಂಕಿಕಡ್ಡಿ ಕೂಡ ಕೊಡಬಾರದಾ?"

"ಗೊತ್ತಿಲ್ಲ" ಎಂದೆ. ನಿಜಕ್ಕೂ ಗೊತ್ತಿರಲಿಲ್ಲ.

"ನಿಮ್ಮ ತಾಯಿಯನ್ನು ಕೇಳಿ. ಈಗಲೇ. ನಂಬರ್ ಹೇಳಿ, ನಾನು ಹಚ್ಚಿಕೊಡ್ತೀನಿ."

ಅರವತ್ತೊಂಬತ್ತರ ಆ ಹೆಂಗಸು ಬೆನ್ನು ನೆಟ್ಟಗೆ ಮಾಡಿಕೊಂಡು, ಒಂದು ಅಂಕಿಯೂ ತಪ್ಪದಂತೆ ಮೈಸೂರಿಗೆ ಲೈನ್ ಹಚ್ಚಿ ರಿಸೀವರನ್ನು ನನ್ನ ಕೈಗಿತ್ತರು. ಅಲ್ಲಿ ಸಂಜೆಯ ಕಾಫಿ ಹೊತ್ತು. ನಾನು ಕೇಳಿದ್ದಕ್ಕೆ ಅಮ್ಮ ಕಿರುಚಿದ್ದು ಅಡುಗೆಮನೆಗೆಲ್ಲ ಕೇಳಿಸಿತು.

"ಬೆಂಕಿಕಡ್ಡೀನಾ? ಶಿವ ಶಿವಾ! ಸಾವಾದ ಮನೆಯಿಂದ ಯಾರಾದ್ರೂ ಬೆಂಕಿ ಕೊಡ್ತಾರೇನೇ? ಕಾಲೇಜಲ್ಲಿ ಪಾಠ ಬೇರೆ ಮಾಡ್ದೆ! ಯಾರು ಕೇಳಿದ್ದು?"

ಅಮ್ಮ ಅಂದದ್ದನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ತಂಗಿಯ ಕಾಗದದ ಒಂದು ಸಾಲು ನೆನಪಿಸಿಕೊಂಡು ಹೇಳಿದರು. ಅಣ್ಣ ಸತ್ತನೆಂಬ ಸರ್ಕಾರದ ಪತ್ರ ಮನೆಗೆ ಬಂದದ್ದು ಇವರ ಮದುವೆ ನಿಶ್ಚಯವಾದ ವರ್ಷವೇ, ಎಲೆ ಕೆಂಪಾಗುವ ಕಾಲದಲ್ಲಿ. ಡಬ್ಬಿ ಗೇಟಿಗೆ ಬಂದ ದಿನವೂ ಕಚೇರಿಯ ಅಂಗಳದ ಮರ ಕೆಂಪಾಗಿತ್ತು. ಎರಡನ್ನೂ ಎಷ್ಟೋ ವರ್ಷದಿಂದ ಬಲ್ಲರು. ಜೊತೆಗಿಟ್ಟು ನೋಡಿರಲಿಲ್ಲ.

ಅವರ ತಾಯಿಯ ಕತೆಯನ್ನೆಲ್ಲ ಅಮ್ಮನಿಗೆ ಹೇಳಿದೆ. ನಮ್ಮ ಶಾಸ್ತ್ರ ಅವರ ಶಾಸ್ತ್ರವಾಗಿತ್ತೋ ಇಲ್ಲವೋ, ಈಗ ಹೇಳುವವರು ಯಾರೂ ಇಲ್ಲ ಎಂದೂ ಹೇಳಿದೆ. ಅಮ್ಮನ ದನಿ ಇಳಿಯಿತು.

"ಶಾಸ್ತ್ರ ಇರ್ಲಿ ಬಿಡೇ. ಅವರಿಗೆ ಹೇಳು. ಗಂಡುಮಗನ ಸುದ್ದಿ ಬಂದ ಮನೇಲಿ, ದೂರ ಮಾಡಿದ ಮಗಳ ಡಬ್ಬೀನ ಕೈಯಲ್ಲಿ ಹಿಡ್ಕೊಂಡು ತೊಳೀವಾಗ ಆ ತಾಯಿ ಎಷ್ಟು ಅತ್ತಿರ್ಬೇಕು ಅಂತ."

ನಾನು ತಡವರಿಸುತ್ತ ಅದನ್ನು ಇಂಗ್ಲಿಷಿಗೆ ತಂದೆ. ಅವರು ಡಬ್ಬಿಯ ಮುಚ್ಚಳ ತೆಗೆದು ಒಳಗಿನ ಕೆಂಪನ್ನು ಬೆರಳಿನಿಂದ ಸವರಿದರು.

"ಹೌದು" ಎಂದರು. "ತೊಳೆದಿದ್ದರು. ತೊಳೆದು, ಒರೆಸಿ, ಹೊಸ ಬಟ್ಟೆಯಲ್ಲಿ ಗಂಟು ಕಟ್ಟಿದ್ದರು. ನಾನು ಅದನ್ನು ಮರೆತೇಬಿಟ್ಟಿದ್ದೆ."