ಆಣೆ ಮಾಡದ ಅತ್ತಿಗೆಯ ಪ್ರಮಾಣವಚನ

ಹಾಲು ಕಾಯಿಸಿ, ಯಜಮಾನರ ಡಬ್ಬಿಗೆ ಚಪಾತಿ ಹಾಕಿ, ತುಳಸಿಗೆ ನೀರೆರೆಯುವಷ್ಟರಲ್ಲಿ ಪಕ್ಕದ ಮನೆಯ ಶಾಂತಮ್ಮ ಕಾಂಪೌಂಡಿನಾಚೆಯಿಂದ ಕೂಗಿದರು. "ನಿಮ್ಮ ಇಡ್ಲಿ ಪಾತ್ರೆ ನಾಳೆ ಕೊಡ್ತೀನ್ರಿ, ದೇವರಾಣೆಗೂ." ಈ ಆಣೆಗೆ ಆಗಲೇ ಮೂರು ವಾರ ತುಂಬಿತ್ತು. ನಾನು ನಕ್ಕು, ಬೀಗ ಹಾಕಿಕೊಂಡು ಚಿತ್ರದುರ್ಗದ ಬಸ್ ನಿಲ್ದಾಣಕ್ಕೆ ನಡೆದೆ.

ಹೊರಟಿದ್ದು ಹೊಸದುರ್ಗಕ್ಕೆ. ಯಜಮಾನರ ಅಕ್ಕ, ನನ್ನ ಅತ್ತಿಗೆ ರತ್ನಮ್ಮ ಶ್ರೀರಾಂಪುರದ ಕಡೆಯಿಂದ ಮಹಿಳಾ ಮೀಸಲು ಸ್ಥಾನದಲ್ಲಿ ತಾಲ್ಲೂಕು ಪಂಚಾಯಿತಿಗೆ ಗೆದ್ದಿದ್ದರು. ಅಂದು ಪ್ರಮಾಣವಚನ. ಹಿಂದಿನ ದಿನ ಅವರೇ ಫೋನು ಮಾಡಿದ್ದರು.

"ದೇವರ ಹೆಸರಲ್ಲಿ ಆಣೆ ಮಾಡ್ಬೇಕಂತೆ ಲಲಿತಾ. ಹುಟ್ಟಿದಾಗಿಂದ ಆಣೆ ಮಾಡಿದೋಳಲ್ಲ ನಾನು. ನಲ್ಲಿ ಹಾಕಿಸ್ತೀನಿ ಅಂತ ಓಣಿಯೋರಿಗೆ ಹೇಳೀನಿ. ಆಗ್ದೇ ಹೋದ್ರೆ ಮನೆದೇವ್ರಿಗೆ ಏನು ಮುಖ ತೋರಿಸ್ಲಿ? ಆಣೆನೇ ಬೇಕು ಅಂದ್ರೆ ಆ ಕುರ್ಚಿ ನಂಗೆ ಬ್ಯಾಡ. ನೀನು ಓದಿದೋಳು, ಬಂದು ನೋಡು."

ಆಗ ಟಿಕೆಟ್ ಹದಿನೆಂಟು ರೂಪಾಯಿ. ಕಿಟಕಿ ಪಕ್ಕದ ಸೀಟು, ಎಳೆ ಬಿಸಿಲು. ಹೊಳಲ್ಕೆರೆಯಲ್ಲಿ ಬಸ್ಸು ಹತ್ತು ನಿಮಿಷ ನಿಂತಾಗ ಟೀ ಕುಡಿದೆ. ಸರ್ಕಾರಿ ಬಸ್ಸಿನ ಗಣಪತಿ ಪಟಕ್ಕೆ ಡ್ರೈವರ್ ಹೊಸ ಸೇವಂತಿಗೆ ಏರಿಸಿದರು. ಹಳೆಯ ಹಾರವನ್ನು ಬಿಸಾಡದೆ ಕಿಟಕಿಯ ಸರಳಿಗೆ ಕಟ್ಟಿದರು. ಅತ್ತಿಗೆಯ ಆಣೆಯ ಮಾತು ಮೆಲುಕು ಹಾಕುವಾಗ ನನಗೆ ಕಾನ್ವೆಂಟಿನ ದಿನಗಳು ನೆನಪಾದವು. ಮಾತೆತ್ತಿದರೆ ನಾವು "ಗಾಡ್ ಪ್ರಾಮಿಸ್" ಎನ್ನುತ್ತಿದ್ದೆವು. ಸಿಸ್ಟರ್ ತುಟಿಯ ಮೇಲೆ ಬೆರಳಿಟ್ಟು, ಹೌದಾದರೆ ಹೌದು, ಇಲ್ಲವಾದರೆ ಇಲ್ಲ ಎನ್ನಿ, ಅಷ್ಟು ಸಾಕು ಎನ್ನುತ್ತಿದ್ದರು.

ಹೊಸದುರ್ಗದ ಕಚೇರಿಯಲ್ಲಿ ಅತ್ತಿಗೆ ಹಸಿರು ಇಳಕಲ್ ಸೀರೆಯುಟ್ಟು, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕಾಯುತ್ತಿದ್ದರು. ಗುಮಾಸ್ತರು ಕೊಟ್ಟ ಹಾಳೆ ನೋಡಿದೆ. "ದೇವರ ಹೆಸರಿನಲ್ಲಿ" ಎಂದು ಒಂದು ಸಾಲು, ಕೆಳಗೆ "ಸತ್ಯನಿಷ್ಠೆಯಿಂದ" ಎಂದು ಇನ್ನೊಂದು, ಬೇಡದ್ದನ್ನು ಹೊಡೆದುಹಾಕಬೇಕು. ಅಂದರೆ ದಾರಿ ಇತ್ತು. ಆದರೆ ಎರಡನೆಯ ಸಾಲಿಗೆ ಆಗಲೇ ಸ್ಕೇಲಿಟ್ಟು ಕೆಂಪು ಗೆರೆ ಎಳೆದಾಗಿತ್ತು.

"ಅದನ್ನ ಯಾರೂ ಕೇಳಲ್ರಿ ಮೇಡಂ," ಎಂದರು ಗುಮಾಸ್ತರು. "ಟೈಮ್ ಉಳೀಲಿ ಅಂತ ಎಲ್ಲಾರದ್ದೂ ನಾನೇ ಹೊಡೆದುಬಿಟ್ಟೀನಿ. ಬೇರೆ ಹಾಳೆ ಇಲ್ಲ."

ಬಿಳಿ ಹಾಳೆ ಕೇಳಿ ಪಡೆದು, "ಸತ್ಯನಿಷ್ಠೆಯಿಂದ" ಎಂಬ ಸಾಲನ್ನೇ ಉಳಿಸಿ ಪ್ರಮಾಣವಚನವನ್ನು ನನ್ನ ದುಂಡು ಅಕ್ಷರದಲ್ಲಿ ಪೂರ್ತಿ ಬರೆದೆ. ಪ್ರಮಾಣ ಬೋಧಿಸಲು ಬಂದಿದ್ದ ಅಧಿಕಾರಿಗಳು ಎರಡು ಸಲ ಓದಿ, "ಸರಿಯಾಗೇ ಇದೆ" ಎಂದು ತಲೆಯಾಡಿಸಿದರು. ಅತ್ತಿಗೆಯ ಯಜಮಾನರಾದ ಮಲ್ಲಣ್ಣನವರಿಗೆ ಮಾತ್ರ ಸಮಾಧಾನವಿಲ್ಲ.

"ಇಭೂತಿ ಹಚ್ಕಂಡು ದೇವರ ಹೆಸರು ಬಿಟ್ರೆ ಊರೋರು ಏನಂತಾರೆ?"

"ದೇವರು ನನ್ನ ಜೊತೆಗೇ ಬಂದಾನೆ. ಸಾಕ್ಷಿ ಹೇಳಾಕೆ ಕರೆಯಲ್ಲ, ಅಷ್ಟೆ. ನೀವು ಕುಂತ್ಕಳ್ರಿ."

ಮೊದಲು ಎದ್ದ ಸದಸ್ಯರೊಬ್ಬರು ದೇವರು, ಮನೆದೇವರು, ಮಠದ ಗುರುಗಳು, ತಂದೆತಾಯಿ, ಮತದಾರರು ಎಂದು ಎಲ್ಲರ ಹೆಸರಿನಲ್ಲೂ ಪ್ರಮಾಣ ಮಾಡತೊಡಗಿದರು. "ಹಾಳೆಯಲ್ಲಿರೋದಷ್ಟೇ ಸಾಕು ಕಣ್ರಿ" ಎಂದರು ಅಧಿಕಾರಿಗಳು. ಸಭೆ ನಕ್ಕಿತು. ಅತ್ತಿಗೆ ತಮ್ಮ ಸರದಿ ಬಂದಾಗ ಹಾಳೆ ಹಿಡಿದು ಎದ್ದರು. "ಸತ್ಯನಿಷ್ಠೆಯಿಂದ" ಎಂದು ಒತ್ತಿ ಓದಿ, ರುಜು ಹಾಕಿ, ಕುರ್ಚಿಯ ಮೇಲೆ ಕುಳಿತರು.

ಅವರ ಓಣಿಯಿಂದ ಬಂದಿದ್ದ ಅಜ್ಜಿ ನನ್ನ ಪಕ್ಕದಲ್ಲೇ ಕೂತಿದ್ದರು. "ಆಣೆ ಮಾಡ್ದೋರನ್ನ ಭಾಳ ನೋಡೀನಮ್ಮ. ಆಣೆಗೆ ಹೆದರೋಳನ್ನ ಇವತ್ತೇ ನೋಡಿದ್ದು. ನಲ್ಲಿ ಬಂದ್ರೂ ಬರ್ತೈತೆ ಬಿಡು."

ಆಮೇಲೆ ಎಲ್ಲರೂ ಮಂಡಕ್ಕಿ, ಮಿರ್ಚಿ ತಿಂದೆವು. ಮಲ್ಲಣ್ಣನವರು ಮನೆದೇವರ ಪ್ರಸಾದ ಹಂಚಿದರು. ಗುಮಾಸ್ತರಿಗೆ ಎರಡು ಸಲ.

ಸಂಜೆ ಚಿತ್ರದುರ್ಗಕ್ಕೆ ಮರಳಿದಾಗ ಶಾಂತಮ್ಮ ಗೇಟಿನ ಬಳಿ ಕೂತು ಸೊಪ್ಪು ಬಿಡಿಸುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ದಂಟು ಮುರಿಯುತ್ತಲೇ ಕೇಳಿಸಿಕೊಂಡು ಅಂದರು:

"ಹಂಗಾರೆ ಇಡ್ಲಿ ಪಾತ್ರೆ ನಾಡಿದ್ದು ಕೊಡ್ತೀನಿ ಬಿಡ್ರಿ. ಆಣೆ ಇಲ್ದೆ ಹೇಳ್ತಾ ಇದೀನಲ್ಲ, ಹೇಳಿದಂಗೆ ಕೊಡ್ಬೇಕಾಗ್ತದೆ, ನಾಳೆ ಅನ್ನಾಕಾಗಲ್ಲ."