ಉರಿಗಾಂನಲ್ಲಿ ಓದಿದ ಹನ್ನೊಂದು ಪುಟ

ನಮ್ಮ ಕಾರ್ಖಾನೆಗೆ ಎರಡು ಕಂಪ್ಯೂಟರ್ ಬಂದ ವರ್ಷ, ಅವೆರಡೂ ಪರಸ್ಪರ ಮಾತಾಡುವಂತೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ಹಾವೇರಿ ಕಡೆಯವಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಕೆಜಿಎಫ್‌ಗೆ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು; ಮನೆ ಅಲ್ಲಿಯ ಉರಿಗಾಂನಲ್ಲಿ. ಶೆಡ್ಡಿನಲ್ಲಿ ಗೇರ್‌ಬಾಕ್ಸ್ ಪರೀಕ್ಷೆ ಮುಗಿದ ಕೂಡಲೇ ಅದರ ವರದಿ ತಂತಿಯ ಮೇಲೆ ಆಫೀಸಿಗೆ ಹೋಗಬೇಕು. "ನಿಮಗೆ ಗೊತ್ತಿರಬೇಕಲ್ಲ" ಅಂದರು ಸಾಹೇಬರು. ನನಗೆ ಗೊತ್ತಿರಲಿಲ್ಲ.

ಒಂದು ಶನಿವಾರ ಉರಿಗಾಂನಲ್ಲಿ ರೈಲು ಹತ್ತಿ, ಬಂಗಾರಪೇಟೆಯಲ್ಲಿ ಗಾಡಿ ಬದಲಿಸಿ, ಬೆಂಗಳೂರಿನ ಒಂದು ಕಾಲೇಜಿನ ಲೈಬ್ರರಿಗೆ ಹೋದೆ. ಅಲ್ಲಿಯ ಮೇಡಂ ನನ್ನ ಕಷ್ಟ ಕೇಳಿ, ಕಂಪ್ಯೂಟರುಗಳ ನಡುವೆ ಸಂದೇಶ ಕಳಿಸುವ ಬಗ್ಗೆ ಇಂಗ್ಲಿಷಿನ ಒಂದು ಸಂಶೋಧನಾ ಪ್ರಬಂಧ ಹುಡುಕಿಕೊಟ್ಟರು. ಹನ್ನೊಂದು ಪುಟ. ಝೆರಾಕ್ಸ್ ಮಾಡಿಸಿಕೊಂಡು ಹೊರಟೆ. ಬಂಗಾರಪೇಟೆ ಬಂದರೂ ಮೊದಲ ಪುಟ ಮುಗಿದಿರಲಿಲ್ಲ.

ಆಮೇಲೆ ದಿನಕ್ಕೊಂದು ಪ್ಯಾರಾ ಓದಿದೆ, ಅನ್ನ ಬೇಯುವ ಹೊತ್ತಿನಲ್ಲಿ. ಅರ್ಥವಾದಷ್ಟನ್ನು ನಂಬಿ ಪ್ರೋಗ್ರಾಂ ಬರೆದೆ. ಶೆಡ್ಡಿನ ಕಂಪ್ಯೂಟರ್ ವರದಿ ಕಳಿಸಬೇಕು, ಆಫೀಸಿನದು "ಬಂತು" ಅನ್ನಬೇಕು. ಉತ್ತರ ಬರದಿದ್ದರೆ ಮತ್ತೆ ಕಳಿಸಬೇಕು. ಆದರೆ ತಂತಿ ವೆಲ್ಡಿಂಗ್ ಮಾಡುವ ಜಾಗದ ಪಕ್ಕದಲ್ಲೇ ಹಾದುಹೋಗಿತ್ತು. ವೆಲ್ಡಿಂಗ್ ಶುರುವಾದರೆ ಅದರ ಕರೆಂಟಿನ ಗದ್ದಲಕ್ಕೆ ಆ "ಬಂತು" ಎಂಬುದೇ ದಾರಿಯಲ್ಲಿ ಕಳೆದುಹೋಗುತ್ತಿತ್ತು. ಶೆಡ್ಡಿನದು ಮತ್ತೆ ಮತ್ತೆ ಕಳಿಸಿ, ಆಫೀಸಿನಲ್ಲಿ ಒಂದೇ ಗೇರ್‌ಬಾಕ್ಸಿನ ವರದಿ ನಾಲ್ಕು ಸಲ ಅಚ್ಚಾಯಿತು. ಆಫೀಸಿನವರೆಲ್ಲ ನಕ್ಕರು. ನನಗೆ ಅಳು ಬಂತು.

ಪಕ್ಕದ ಮನೆಯ ತಾತ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಜನರನ್ನು ಇಳಿಸಿ ಹತ್ತಿಸುವ ಕೇಜಿನ ಇಂಜಿನ್ ಓಡಿಸಿ ರಿಟೈರ್ ಆದವರು. ಮನೆಮಾತು ತಮಿಳು. ಭಾನುವಾರ ಬೆಳಿಗ್ಗೆ ನಾನು ಹೊಸ್ತಿಲ ಮೇಲೆ ಕಾಗದ ಹರಡಿಕೊಂಡು ಕೂತದ್ದು ನೋಡಿ ಏನೆಂದು ಕೇಳಿದರು. ಹೇಳಿದೆ.

"ನಮ್ದೂ ಅದೇ ಅಲ್ವೇನಮ್ಮಾ," ಅಂದರು. "ಕೆಳಗಿಂದ ಬೆಲ್ ಒಡೀತಾರೆ. ನಾನು ಅಷ್ಟೇ ಸಲ ವಾಪಸ್ ಒಡೀಬೇಕು. ಆಮೇಲೇನೇ ಕೇಜು."

"ನಿಮ್ಮ ಬೆಲ್ ಅವರಿಗೆ ಕೇಳಿಸದೇ ಹೋದರೆ ತಾತ?"

"ಇನ್ನೊಂದ್ಸಲ ಒಡೀತಾರೆ."

"ಅದನ್ನ ನೀವು ಹೊಸ ಬೆಲ್ ಅಂದುಕೊಂಡುಬಿಟ್ಟರೆ?"

ತಾತ ನನ್ನ ಮುಖವನ್ನೇ ನೋಡಿದರು. "ಹಳೇದಾ ಒಸದಾ ಗೊತ್ತಾಗ್ದೆ ಕೇಜು ಅಲ್ಲಾಡ್ಸಕ್ಕಾಗ್ತದಾ? ಒಳಗೆ ಮನುಸ್ರು ಇರ್ತಾರಮ್ಮಾ."

ಆರನೇ ಪುಟ ತೆಗೆದೆ. ಪ್ರತಿ ಸಂದೇಶಕ್ಕೂ ಒಂದು ಸಂಖ್ಯೆ ಕೊಡಬೇಕೆಂದು ಅಲ್ಲಿ ಬರೆದಿತ್ತು. ಬರೀ ಸಾಲಾಗಿ ಜೋಡಿಸಿಡಲು ಇರಬೇಕು ಎಂದು ಅದನ್ನು ದಾಟಿ ಹೋಗಿದ್ದೆ. ಹಳೆಯದು ಯಾವುದು, ಹೊಸದು ಯಾವುದು ಎಂದು ಗುರುತಿಸುವುದಕ್ಕೇ ಆ ಸಂಖ್ಯೆ! ಹಳೆಯ ಸಂಖ್ಯೆ ಮತ್ತೆ ಬಂದರೆ ಅಚ್ಚು ಹಾಕಬಾರದು, ಸುಮ್ಮನೆ "ಬಂತು" ಎಂದು ಇನ್ನೊಮ್ಮೆ ಹೇಳಬೇಕು, ಅಷ್ಟೆ. ಖುಷಿಗೆ ತಾತನ ಕೈ ಹಿಡಿದು ಅಲುಗಾಡಿಸಿಬಿಟ್ಟೆ. ಅವರಿಗೆ ಏನಾಯಿತೆಂದು ತಿಳಿಯಲಿಲ್ಲ, "ಕಾಫಿ ಕುಡೀತೀಯಾಮ್ಮಾ?" ಎಂದು ಕೇಳಿದರು.

ಆ ವಾರವೇ ಪ್ರೋಗ್ರಾಂ ತಿದ್ದಿದೆ. ಸಾಹೇಬರು ಬೇಕೆಂದೇ ಎರಡು ವೆಲ್ಡಿಂಗ್ ಮೆಷೀನು ಒಟ್ಟಿಗೆ ಹಾಕಿಸಿದರು. ವರದಿ ತಡವಾಗಿ ಬಂತು, ಆದರೆ ಒಂದೇ ಬಂತು. "ಇದನ್ನೆಲ್ಲಾ ಎಲ್ಲಿ ಕಲಿತಿರಿ?" ಅಂದರು. ಅರಿಶಿನದ ಕಲೆಯಾಗಿದ್ದ ಆ ಪುಟಗಳನ್ನು ತೋರಿಸಿದೆ. ತಮಗೂ ಒಂದು ಪ್ರತಿ ಕೇಳಿದರು.

ಹಾಗೆ ಬುಧವಾರ ಊಟದ ಬಿಡುವಿನಲ್ಲಿ ನಾಲ್ಕು ಜನ ಸೇರಿ ಪ್ರಬಂಧ ಓದುವುದು ಶುರುವಾಯಿತು. ಒಬ್ಬರು ಓದಿದರೆ ಇನ್ನೊಬ್ಬರು ಕನ್ನಡದಲ್ಲೋ ತೆಲುಗಿನಲ್ಲೋ ಬಿಡಿಸಿ ಹೇಳುತ್ತಿದ್ದರು. ಎರಡನೇ ವಾರ, ನಾಲ್ವರಲ್ಲಿ ಒಬ್ಬರಾದ ಶೆಡ್ಡಿನ ಎಲೆಕ್ಟ್ರಿಷಿಯನ್ ಕೇಳಿದರು: "ಮೇಡಂ, ಕರೆಂಟ್ ಓಗಿ ಕಂಪ್ಯೂಟರೇ ಆ ನಂಬರ್ ಮರ್ತೋದ್ರೆ?"

ಹನ್ನೊಂದೂ ಪುಟ ಮತ್ತೆ ತಿರುವಿದೆವು. ಅದಕ್ಕೆ ಉತ್ತರ ಅಲ್ಲಿರಲಿಲ್ಲ. ಶನಿವಾರ ಮತ್ತೆ ಬೆಂಗಳೂರಿನ ಆ ಲೈಬ್ರರಿಗೆ ಹೊರಟೆ. ಈ ಸಲ ಎಲೆಕ್ಟ್ರಿಷಿಯನ್ ಕೂಡ ಜೊತೆಗೆ ಬಂದರು.