ಹೇಮಾವತಿ ನೇರವಾಗಿ ಕೇಳಿದಳು

ಹೊತ್ತು ಮೂಡುವ ಮುಂಚೆ ಹೇಮಾವತಿ ಗಂಡನ ಮಂಚದ ಪಕ್ಕದ ರಾತ್ರಿ ತೂಗುಹಾಕಿದ ಮೂತ್ರದ ಚೀಲ ಬಿಚ್ಚಬೇಕು, ಚೆಲ್ಲಬೇಕು, ಕೊಳವೆ ತೊಳೆಯಬೇಕು. ಹೊಟ್ಟೆಗೆ ಅಂಟಿಸಿದ ಚೀಲ ಸೋರಿದ್ದರೆ ಅದನ್ನು ಬದಲಿಸಿ, ಹಾಸಿಗೆಯ ಬಟ್ಟೆ ನೆನೆಸಿ, ಹಿಂಡಿ, ಹಿತ್ತಲಲ್ಲಿ ಸೀರೆಗಳ ಮರೆಗೆ ಹರವಬೇಕು. ನಳ ಬಂದರೆ ಕೊಡ ತುಂಬಬೇಕು. ಹಿಟ್ಟು ನಾದಿ ರೊಟ್ಟಿ ಬಡಿಯಬೇಕು. ಇಷ್ಟಾದ ಮೇಲೆ ಮೈದುನ ವಾಗೀಶ ಎದ್ದು, "ಚಾ ಆತೇನು ಅತ್ತಿಗಿ?" ಎನ್ನುತ್ತಾನೆ.

ಗಂಡ ಚನ್ನಬಸಯ್ಯನದು ಆದೋನಿ ಮಾರುಕಟ್ಟೆಯಲ್ಲಿ ಹತ್ತಿ ವ್ಯಾಪಾರ. ಕ್ಯಾನ್ಸರಿಗೆ ಮೂತ್ರಕೋಶವನ್ನೇ ತೆಗೆದು, ಮೂತ್ರಕ್ಕೆ ಹೊಟ್ಟೆಯ ಬದಿಯಲ್ಲಿ ದಾರಿ ಮಾಡಿದ್ದರು. ಎಳೆಯನ್ನು ಬೆರಳಲ್ಲಿ ಎಳೆದು ನೋಡಿಯೇ ಹತ್ತಿಯ ದರ ಹೇಳುತ್ತಿದ್ದವನು ಈಗ ಬಾಗಿಲು ದಾಟುತ್ತಿರಲಿಲ್ಲ. ವಿಚಾರಿಸಲು ಬಂದವರಿಗೆ "ಬೆನ್ನುನೋವು" ಎಂದು ಸುಳ್ಳು ಹೇಳುವ ಕೆಲಸವೂ ಅವಳದೇ.

ಅವತ್ತು ಮೈ ಒರೆಸುವಾಗ ಅವನ ಕೊರಳು ಬರಿದಾಗಿತ್ತು. ಇಷ್ಟಲಿಂಗ ದೇವರ ಜಗಲಿಯ ಮೇಲಿತ್ತು. ಮದುವೆಯಾದಂದಿನಿಂದ ಅದಿಲ್ಲದ ಅವನ ಎದೆಯನ್ನು ಅವಳು ಕಂಡಿರಲಿಲ್ಲ.

"ಉಚ್ಚಿ ಚೀಲದ ಮ್ಯಾಲೆ ಲಿಂಗ ಜೋತಾಡಬೇಕೇನು? ಮೈಲಿಗಿ," ಎಂದ.

"ನಾ ಮುಟ್ಟಾದಾಗ ತೆಗೀಲಿಲ್ಲ, ಬಾಣಂತಿ ಇದ್ದಾಗ ತೆಗೀಲಿಲ್ಲ. ಲಿಂಗ ಕಟ್ಟಿದವರಿಗೆ ಮೈಲಿಗಿ ಇಲ್ಲಂತ ನಿಮ್ಮ ಬಾಯಾಗೇ ಕೇಳಿದ್ದು. ಗಂಡಸರಿಗೆ ಬ್ಯಾರೆ ಐತೇನು?"

"ನಿಂದು ಲಾಯರ್ ಬಾಯಿ," ಎಂದು ಅವನು ಗೋಡೆಗೆ ತಿರುಗಿದ.

ಮೈಲಿಗೆ ನೆಪವೆಂದು ಅವಳಿಗೆ ಆಗ ಹೊಳೆಯಿತು. ಅವನು ಒಂದೊಂದನ್ನೇ ಬಿಡುತ್ತ ಬಂದಿದ್ದ: ಅಂಗಡಿ, ಊಟ, ಈಗ ಲಿಂಗ. ಆಸ್ಪತ್ರೆಯಲ್ಲಿ ರೋಗಿಗಳಿಗೆ ಆಪ್ತಸಲಹೆ ನೀಡುವ ಈಶ್ವರಿ ಹೇಳಿದ್ದರು, ಅನುಮಾನ ಬಂದರೆ ನೇರವಾಗಿ ಕೇಳಿಬಿಡಿ, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ ಎಂದು.

"ರೀ, ಸಾಯಬೇಕು ಅನಿಸ್ತೈತೇನು?"

ಅವನು ಗೋಡೆ ನೋಡುತ್ತಲೇ ಹೇಳಿದ: "ದಿನಾ. ನೀ ಬಟ್ಟಿ ಹಿಂಡೋ ಸಪ್ಪಳ ಕೇಳಿದಾಗೆಲ್ಲ."

"ಹಿಂಡೋಕಿ ನಾನು, ಸಾಯೋದು ಯಾಕ ನೀವು? ಚೀಲ ಬದಲಿಸೋದು ಕಲೀರಿ, ಸಪ್ಪಳ ಅರ್ಧ ಆಕೈತಿ." ಅವಳು ಅವನ ಕೈ ಹಿಡಿದುಕೊಂಡಳು.

ಬಾಗಿಲಲ್ಲಿ ನಿಂತಿದ್ದ ವಾಗೀಶ ಎಲ್ಲ ಕೇಳಿಸಿಕೊಂಡಿದ್ದ. "ಆಸ್ಪತ್ರಿಗೆ ಹೇಳಬ್ಯಾಡ್ರಿ ಅತ್ತಿಗಿ. ಪಿಚ್ಚಿ ಡಾಕ್ಟರ ಹತ್ರ, ಹುಚ್ಚರ ಡಾಕ್ಟರ ಹತ್ರ ಕಳಸ್ತಾರ. ಅಣ್ಣಗ ಹುಚ್ಚು ಅಂತ ಮಾರ್ಕೆಟ್‌ನ್ಯಾಗ ಮಾತು ಬಿದ್ರ ಮುಗೀತು. ನೀವೇ ನಾಕು ಧೈರ್ಯದ ಮಾತು ಹೇಳ್ರಿ, ಸಾಕು."

"ಅದೂ ನನ್ನ ಕೆಲಸಕ್ಕ ಸೇರಿತೇನು, ವಾಗೀಶಪ್ಪ? ಬಾ, ಇಲ್ಲಿ ಕುಂದ್ರು. ನಾ ಬರೋತನಕ ಅಣ್ಣನ್ನ ಬಿಟ್ಟು ಏಳಬ್ಯಾಡ."

ಕಪಾಟಿನಲ್ಲಿದ್ದ ಮಾತ್ರೆಗಳನ್ನೆಲ್ಲ ಬಾಚಿ ಸೆರಗಿಗೆ ಕಟ್ಟಿಕೊಂಡಳು. ಒಲೆಯ ಮೇಲಿನ ಚಹಾ ಉಕ್ಕುತ್ತಿತ್ತು. ಒಲೆ ಆರಿಸಿ ಹಾಗೇ ಬಿಟ್ಟಳು. ಯಾರನ್ನೂ ಕೇಳದೆ ಫೋನ್ ಹಿಡಿದು ಅಂಗಳಕ್ಕೆ ಬಂದಳು. ಪಕ್ಕದ ಮನೆಯವರು ನಳದ ಹತ್ತಿರ ನಿಂತಿದ್ದರು. ಅವಳು ದನಿ ತಗ್ಗಿಸಲಿಲ್ಲ.

"ಈಶ್ವರಿ ಮೇಡಂ, ನಾನು ಹೇಮಾವತಿ. ನಮ್ಮ ಯಜಮಾನ್ರು ಸಾಯೋ ಮಾತಾಡ್ತಾರ. ಈಗ ಕರಕೊಂಡು ಬರ್ತೀನಿ. ಮನಸಿನ ಡಾಕ್ಟರಿಗೆ ಹೇಳಿಡ್ರಿ."